ಹನ್ನೊಂದು ವರ್ಷ ಕೈತಪ್ಪದ ಪ್ರಶಸ್ತಿ

(ಕಾಲೇಜು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಉಪನ್ಯಾಸದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಾಠ)



ಒಂದು ತಂಡ ಒಂದು ವರ್ಷ ಗೆದ್ದರೆ ಅದೃಷ್ಟ ಎನ್ನಬಹುದು. ಎರಡು ವರ್ಷ ಗೆದ್ದರೆ ಒಳ್ಳೆಯ ಆಟಗಾರರಿದ್ದಾರೆ ಎನ್ನಬಹುದು. ಆದರೆ ಒಂದೇ ತಂಡ ಹನ್ನೊಂದು ವರ್ಷ ಬಿಡದೆ ಗೆದ್ದರೆ ಅದನ್ನು ಏನೆಂದು ಕರೆಯುವುದು? ಆಸ್ಟ್ರೇಲಿಯದ ಸಿಡ್ನಿ ನಗರದ ಸೇಂಟ್ ಜಾರ್ಜ್ ಎಂಬ ರಗ್ಬಿ ಲೀಗ್ ತಂಡ 1956ರಿಂದ 1966ರವರೆಗೆ ಪ್ರತಿ ವರ್ಷವೂ ಅಲ್ಲಿನ ಪ್ರೀಮಿಯರ್‌ಶಿಪ್ ಗೆದ್ದಿತು. ಅದಕ್ಕೆ ಮುಂಚೆ ಆ ಆಟದಲ್ಲಿ ಅಂಥದ್ದು ಆಗಿರಲಿಲ್ಲ, ಅನಂತರವೂ ಆಗಿಲ್ಲ. ದೀರ್ಘಕಾಲದ ಯಶಸ್ಸು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಆಟದ ಬಗ್ಗೆ ಎರಡು ಮಾತು. ನಮ್ಮಲ್ಲಿ ರಗ್ಬಿ ಎಂದರೆ ಮೊಟ್ಟೆಯಾಕಾರದ ಚೆಂಡು, ಮೇಲೆ ಬಿದ್ದು ಹೊರಳಾಡುವ ದಾಂಡಿಗರು ಎಂಬಷ್ಟೇ ಕಲ್ಪನೆ. ರಗ್ಬಿಯಲ್ಲಿ ಎರಡು ಬಗೆ: ಯೂನಿಯನ್ ಮತ್ತು ಲೀಗ್. ಲೀಗ್‌ನಲ್ಲಿ ಒಂದು ಕಡೆಗೆ 13 ಮಂದಿ. ಚೆಂಡನ್ನು ಕೈಯಲ್ಲಿ ಹಿಡಿದು ಮುಂದೆ ಓಡಬಹುದು, ಆದರೆ ಜೊತೆಗಾರನಿಗೆ ಎಸೆಯುವುದಾದರೆ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿ ಅವನನ್ನು ಹಿಡಿದು ಕೆಡವುತ್ತಾನೆ, ಅದು ಟ್ಯಾಕಲ್. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ. ಕಬಡ್ಡಿ ಬಲ್ಲವರಿಗೆ ಹಿಡಿತ, ಉಸಿರು, ಒಟ್ಟಾಗಿ ಸುತ್ತುವರಿಯುವುದು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಆಟ ಹುಟ್ಟಿದ್ದೇ ಕೂಲಿಯ ಪ್ರಶ್ನೆಯಿಂದ. ಇಂಗ್ಲೆಂಡಿನ ಉತ್ತರ ಭಾಗದ ಗಣಿ ಮತ್ತು ಗಿರಣಿ ಕಾರ್ಮಿಕರು ಶನಿವಾರ ಆಡಲು ಹೋದರೆ ಆ ಹೊತ್ತಿನ ಸಂಬಳ ಕಳೆದುಕೊಳ್ಳುತ್ತಿದ್ದರು. ಅದನ್ನು ಭರಿಸಿಕೊಡಲು ಲಂಡನ್ನಿನ ರಗ್ಬಿ ಅಧಿಕಾರಸ್ಥರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್‌ಗಳು ಸೇರಿ ಪ್ರತ್ಯೇಕ ಸಂಘ ಕಟ್ಟಿಕೊಂಡವು. 1908ರಲ್ಲಿ ಸಿಡ್ನಿಯಲ್ಲೂ ಪಂದ್ಯಾವಳಿ ಆರಂಭವಾಯಿತು. ಅಲ್ಲಿ ಒಂದೊಂದು ಬಡಾವಣೆಗೂ ಒಂದೊಂದು ತಂಡ. ದಕ್ಷಿಣ ಭಾಗದ ಕೊಗರಾ ಸುತ್ತಮುತ್ತಲಿನ ಸೇಂಟ್ ಜಾರ್ಜ್ ತಂಡ ಬಂದದ್ದು 1921ರಲ್ಲಿ. ಬಿಳಿ ಅಂಗಿಯ ಎದೆಯ ಮೇಲೆ ಕೆಂಪು ‘ವಿ’ ಪಟ್ಟಿ ಅದರ ಗುರುತು. 1956ಕ್ಕೆ ಮುಂಚೆ ಅದು ಗೆದ್ದದ್ದು ಎರಡೇ ಸಲ, 1941 ಮತ್ತು 1949ರಲ್ಲಿ. ಹುಟ್ಟಿನಿಂದಲೇ ದೈತ್ಯ ತಂಡವೇನೂ ಆಗಿರಲಿಲ್ಲ.

ಗೋಲು ಬಿಡದವರು

ಹಾಗಾದರೆ 1956ರಿಂದ ಏನು ಬದಲಾಯಿತು? ಮೊದಲ ಉತ್ತರ ರಕ್ಷಣೆಯಲ್ಲಿದೆ. ಹನ್ನೊಂದು ಫೈನಲ್‌ಗಳಲ್ಲಿ ಎದುರಾಳಿಗಳು ಗಳಿಸಿದ ಅಂಕಗಳನ್ನೆಲ್ಲ ಕೂಡಿದರೆ ಬರುವುದು 63, ಅಂದರೆ ಪಂದ್ಯಕ್ಕೆ ಸರಾಸರಿ ಆರಕ್ಕಿಂತ ಕಡಿಮೆ. 1959ರಲ್ಲಿ ಮ್ಯಾನ್ಲಿ ತಂಡವನ್ನು 20-0, 1961ರಲ್ಲಿ ವೆಸ್ಟರ್ನ್ ಸಬರ್ಬ್ಸ್ ತಂಡವನ್ನು 22-0 ಅಂತರದಲ್ಲಿ ಸೋಲಿಸಿದರು. 1959ರ ಇಡೀ ಋತುವಿನಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲ. ಪತ್ರಿಕೆಗಳ ತಲೆಬರಹಕ್ಕೆ ಬರುವುದು ಟ್ರೈ ಹೊಡೆದವನ ಹೆಸರು. ಆದರೆ ಪ್ರಶಸ್ತಿಯನ್ನು ಮನೆಯಲ್ಲಿ ಉಳಿಸಿದವರು ಹಿಡಿದು ಕೆಡವಿದವರು.

ಇದರ ಹಿಂದೆ ಕೆನ್ ಕಿಯರ್ನಿ ಎಂಬಾತನ ಕೈವಾಡವಿತ್ತು. ಆಸ್ಟ್ರೇಲಿಯದ ಯೂನಿಯನ್ ತಂಡಕ್ಕೆ ಆಡಿ, ಬಳಿಕ ಇಂಗ್ಲೆಂಡಿನ ಲೀಡ್ಸ್ ಕ್ಲಬ್ಬಿನಲ್ಲಿ ವೃತ್ತಿಪರನಾಗಿ ಪಳಗಿ ಬಂದ ಮನುಷ್ಯ. ಉತ್ತರ ಇಂಗ್ಲೆಂಡಿನ ಒರಟು ಮತ್ತು ಲೆಕ್ಕಾಚಾರದ ಆಟವನ್ನು ಅಲ್ಲಿ ಹತ್ತಿರದಿಂದ ಕಂಡಿದ್ದ. 1957ರಿಂದ 1961ರವರೆಗೆ ತರಬೇತುದಾರನಾಗಿದ್ದಾಗ ದೇಹದಾರ್ಢ್ಯಕ್ಕೂ ಸಾಲುಗಟ್ಟಿ ಮುಂದೊತ್ತುವ ರಕ್ಷಣೆಗೂ ಆತ ಕೊಟ್ಟ ಮಹತ್ವ ಸಿಡ್ನಿಗೆ ಹೊಸದು.

ಆಗಿನ ನಿಯಮವೂ ಇಂಥ ತಂಡಕ್ಕೆ ಅನುಕೂಲವಾಗಿತ್ತು. ಟ್ಯಾಕಲ್‌ಗೆ ಮಿತಿಯೇ ಇರಲಿಲ್ಲ. ಕೆಡವಲ್ಪಟ್ಟವನು ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸಬಹುದು. ತಪ್ಪು ಮಾಡದಿದ್ದರೆ ಎಷ್ಟು ಹೊತ್ತಾದರೂ ಚೆಂಡು ನಮ್ಮದೇ. ದೊಡ್ಡ ಮೈಕಟ್ಟಿನ ಮುಂಚೂಣಿ ಆಟಗಾರರು, ಕೈಜಾರದ ಶಿಸ್ತು, ಸೋಲದ ಉಸಿರು ಇವು ಮೂರೂ ಇದ್ದ ತಂಡ ಎದುರಾಳಿಯನ್ನು ನಿಧಾನವಾಗಿ ಹಿಂಡಿ ಹಿಪ್ಪೆ ಮಾಡಬಹುದಿತ್ತು. ಸೇಂಟ್ ಜಾರ್ಜ್ ಮಾಡಿದ್ದು ಅದನ್ನೇ.

ಹೋದವರ ಜಾಗಕ್ಕೆ ಬಂದವರು

ಎರಡನೆಯ ಉತ್ತರ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಹನ್ನೊಂದು ವರ್ಷವೂ ಒಂದೇ ತಂಡ ಗೆದ್ದಿತು ಎನ್ನುತ್ತೇವೆ. ಆದರೆ ನಿಜಕ್ಕೂ ಅದು ಒಂದೇ ತಂಡವೇ? ಹನ್ನೊಂದೂ ಫೈನಲ್‌ಗಳಲ್ಲಿ ಆಡಿದ ಆಟಗಾರ ಒಬ್ಬನೂ ಇಲ್ಲ. ಅತಿ ಹೆಚ್ಚು ಎಂದರೆ ನಾರ್ಮ್ ಪ್ರೊವನ್, ಆತ ಗೆದ್ದದ್ದು ಹತ್ತು. ಅಂಗಿ ಅದೇ, ಒಳಗಿನ ಮನುಷ್ಯರು ಬೇರೆ.

ಅವರು ಬಂದ ಕ್ರಮವನ್ನು ನೋಡಿ. 1959ರಲ್ಲಿ, ತಂಡ ಆಗಲೇ ಮೂರು ಸಲ ಗೆದ್ದು ಉತ್ತುಂಗದಲ್ಲಿದ್ದಾಗ, ಸ್ಥಳೀಯ ಹುಡುಗ ರೆಗ್ ಗ್ಯಾಸ್ನಿಯರ್ ಹಿರಿಯರ ತಂಡಕ್ಕೆ ಬಂದ. ಅದೇ ವರ್ಷ ನ್ಯೂಟೌನ್ ತಂಡದಿಂದ ಜಾನಿ ರೇಪರ್‌ನನ್ನು ಕರೆತಂದರು. 1962ರಲ್ಲಿ ಇಯಾನ್ ವಾಲ್ಶ್ ಬಂದು ಕಿಯರ್ನಿಯ ಸ್ಥಾನ ತುಂಬಿದ. 1963ರಲ್ಲಿ ವೊಲಾಂಗಾಂಗ್‌ನಿಂದ ಗ್ರೇಮ್ ಲ್ಯಾಂಗ್‌ಲ್ಯಾಂಡ್ಸ್, ಜೊತೆಗೆ ಬಿಲ್ಲಿ ಸ್ಮಿತ್. ತರಬೇತುದಾರರೂ ಒಳಗಿನಿಂದಲೇ ಬಂದರು. ಕಿಯರ್ನಿಯ ಬಳಿಕ ನಾಲ್ಕು ವರ್ಷ ಪ್ರೊವನ್, ಬಳಿಕ ವಾಲ್ಶ್. ಇಬ್ಬರೂ ಮೈದಾನದಲ್ಲಿ ಆಡುತ್ತಲೇ ತಂಡವನ್ನು ನಡೆಸಿದವರು.

ಸಾಮಾನ್ಯವಾಗಿ ಗೆಲ್ಲುವ ತಂಡವನ್ನು ಮುಟ್ಟಲು ಯಾರೂ ಹೋಗುವುದಿಲ್ಲ. ಇವರು ಗೆಲ್ಲುತ್ತಿದ್ದಾಗಲೇ ಬದಲಾಯಿಸಿದರು. ಸೋತ ಮೇಲೆ ಹುಡುಕಲು ಹೊರಟವನಿಗೆ ಆಯ್ಕೆ ಕಡಿಮೆ, ಆತುರ ಹೆಚ್ಚು. ಈ ಆಟದ ಸಾರ್ವಕಾಲಿಕ ಶ್ರೇಷ್ಠರಿಗೆ ಆಸ್ಟ್ರೇಲಿಯದಲ್ಲಿ ‘ಇಮ್ಮಾರ್ಟಲ್ಸ್’, ಅಂದರೆ ಅಮರರು, ಎಂಬ ಬಿರುದು ಕೊಡುವ ಪರಿಪಾಠ 1981ರಲ್ಲಿ ಶುರುವಾಯಿತು. ಗ್ಯಾಸ್ನಿಯರ್, ರೇಪರ್, ಲ್ಯಾಂಗ್‌ಲ್ಯಾಂಡ್ಸ್, ಪ್ರೊವನ್ ನಾಲ್ವರೂ ಆ ಪಟ್ಟಿಯಲ್ಲಿದ್ದಾರೆ. ಆ ನಾಲ್ವರೂ ಒಂದೇ ತಂಡದಲ್ಲಿ ಒಟ್ಟಿಗೆ ಆಡಿದ ವರ್ಷಗಳಿದ್ದವು.

ಹಣ ಮತ್ತು ತಾಜ್ ಮಹಲ್

ಇಲ್ಲಿ ಹಣದ ಮಾತು ಬಂದೇ ಬರುತ್ತದೆ. ಅದನ್ನು ಮುಚ್ಚಿಟ್ಟು ಶಿಸ್ತು, ಛಲ ಎಂದಷ್ಟೇ ಹೇಳಿದರೆ ಅರ್ಧ ಸತ್ಯವಾದೀತು. 1956ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ನೋಂದಾಯಿತ ಕ್ಲಬ್‌ಗಳಲ್ಲಿ ನಾಣ್ಯ ಹಾಕಿ ಜೂಜಾಡುವ ಪೋಕರ್ ಯಂತ್ರಗಳನ್ನು ಕಾನೂನುಬದ್ಧಗೊಳಿಸಿತು. ಸದಸ್ಯರ ಕ್ಲಬ್ಬಿನ ಆದಾಯ ಆಟಗಾರರಿಗೂ ಹರಿಯಿತು. ಕೊಗರಾದಲ್ಲಿ 1963ರಲ್ಲಿ ತೆರೆದ ಸೇಂಟ್ ಜಾರ್ಜ್ ಕ್ಲಬ್ಬಿನ ಕಟ್ಟಡದ ವೈಭವ ಕಂಡು ಜನ ಅದಕ್ಕೆ ಇಟ್ಟ ಅಡ್ಡಹೆಸರು ‘ತಾಜ್ ಮಹಲ್’! ನಮ್ಮ ಆಗ್ರಾದ ಹೆಸರು ಸಿಡ್ನಿಯ ಜೂಜಿನ ಯಂತ್ರಗಳ ಮನೆಗೆ ಅಂಟಿಕೊಂಡದ್ದು ಹೀಗೆ.

ಆದರೆ ಹಣವೊಂದೇ ಗೆಲ್ಲಿಸುತ್ತದೆಯೇ? ಇದಕ್ಕೆ ಉತ್ತರ ವೆಸ್ಟರ್ನ್ ಸಬರ್ಬ್ಸ್ ತಂಡ. ದುಡ್ಡು ಸುರಿದು ಆಟಗಾರರನ್ನು ಕೊಂಡು ತರುತ್ತಿದ್ದ ಅದಕ್ಕೆ ‘ಮಿಲಿಯನೇರ್ಸ್’ ಎಂಬ ಹೆಸರೇ ಬಿದ್ದಿತ್ತು. ಅದು 1958, 1961, 1962, 1963ರ ಫೈನಲ್‌ಗಳಲ್ಲಿ ಸೇಂಟ್ ಜಾರ್ಜ್ ಎದುರು ನಿಂತಿತು, ನಾಲ್ಕೂ ಸಲ ಸೋತಿತು. ಹಣವಿದ್ದರೆ ಆಟಗಾರ ಬರುತ್ತಾನೆ. ಯಾರು, ಯಾವಾಗ, ಯಾವ ಜಾಗಕ್ಕೆ ಬೇಕು ಎಂಬ ವಿವೇಕ ಹಣದ ಜೊತೆ ಬರುವುದಿಲ್ಲ. ಸೇಂಟ್ ಜಾರ್ಜ್‌ನಲ್ಲಿ ಆ ವಿವೇಕ ಕಾರ್ಯದರ್ಶಿ ಫ್ರಾಂಕ್ ಫೇಸರ್ ಅವರಲ್ಲಿತ್ತು. ಇದೇ ತಂಡಕ್ಕೆ ಹಿಂದೆ ಆಡಿದ್ದ ಅವರಿಗೆ ಆಟಗಾರನ ಬೆಲೆಯೂ ಗೊತ್ತಿತ್ತು, ಆಟದ ಬೆಲೆಯೂ ಗೊತ್ತಿತ್ತು.

1963ರ ಫೈನಲ್ ಮುಗಿದಾಗ ತೆಗೆದ ಒಂದು ಛಾಯಾಚಿತ್ರವಿದೆ. ಮಳೆಗೆ ಕೆಸರಾದ ಮೈದಾನ. ಗೆದ್ದ ತಂಡದ ಎತ್ತರದ ಪ್ರೊವನ್, ಸೋತ ತಂಡದ ಗಿಡ್ಡ ನಾಯಕ ಆರ್ಥರ್ ಸಮನ್ಸ್, ಅಡಿಯಿಂದ ಮುಡಿಯವರೆಗೆ ಕೆಸರು ಮೆತ್ತಿಕೊಂಡು ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ದಾರೆ. ಪತ್ರಿಕಾ ಛಾಯಾಗ್ರಾಹಕ ಜಾನ್ ಓಗ್ರೆಡಿ ತೆಗೆದ ಆ ಚಿತ್ರವೇ ಕಂಚಿನ ಮೂರ್ತಿಯಾಗಿ 1982ರಿಂದ ವಿಜೇತರ ಟ್ರೋಫಿಯ ಮೇಲೆ ಬಂದಿದೆ. ಆ ಪಂದ್ಯದ ಅಂಕ 8-3. ಸಾಮ್ರಾಜ್ಯ ಎನಿಸಿಕೊಂಡ ತಂಡವೂ ಕೆಲವೊಮ್ಮೆ ಎಷ್ಟು ಸಣ್ಣ ಅಂತರದಲ್ಲಿ ಬದುಕುತ್ತಿತ್ತು ಎಂಬುದನ್ನು ಆ ಅಂಕ ಹೇಳುತ್ತದೆ.

ಗೆಲುವು ಅತಿಯಾದರೆ

ಈಗ ಇನ್ನೊಂದು ಮುಖ. ಒಬ್ಬರೇ ಗೆಲ್ಲುತ್ತಿದ್ದರೆ ಆಟಕ್ಕೆ ಒಳ್ಳೆಯದೇ? 1965ರ ಫೈನಲ್ ನೋಡಲು ಸಿಡ್ನಿ ಕ್ರಿಕೆಟ್ ಮೈದಾನಕ್ಕೆ 78,056 ಜನ ಬಂದರು. ಜಾಗ ಸಾಲದೆ ಛಾವಣಿ ಏರಿ ಕುಳಿತರು. ಸೌತ್ ಸಿಡ್ನಿಯ ಯುವ ತಂಡ ಈ ಸಲವಾದರೂ ರಾಜನನ್ನು ಇಳಿಸೀತೇ ಎಂಬ ಆಸೆಯೂ ಆ ಜನಸಾಗರದಲ್ಲಿತ್ತು. ಗೆದ್ದದ್ದು ಸೇಂಟ್ ಜಾರ್ಜ್, 12-8ರಿಂದ. ಆಸೆ ಇರುವ ತನಕ ಜನ ಬರುತ್ತಾರೆ. ಆಸೆಯೇ ಬತ್ತಿದರೆ?

1967ರಲ್ಲಿ ಸಿಡ್ನಿಯಲ್ಲಿ ನಿಯಮ ಬದಲಾಯಿತು. ಇಂಗ್ಲೆಂಡಿನಲ್ಲಿ ಹಿಂದಿನ ವರ್ಷ ಬಂದಿದ್ದ ನಾಲ್ಕು ಟ್ಯಾಕಲ್‌ಗಳ ಮಿತಿ ಇಲ್ಲಿಗೂ ಬಂತು. ಚೆಂಡನ್ನು ಗಂಟೆಗಟ್ಟಲೆ ತಬ್ಬಿಕೊಂಡು ಕೂರುವಂತಿಲ್ಲ. ಪ್ರೊವನ್ 1965ರ ಗೆಲುವಿನೊಡನೆ ಆಟ ಬಿಟ್ಟಿದ್ದ. ಆ ವರ್ಷ ಫೈನಲ್‌ಗೆ ಒಂದು ಮೆಟ್ಟಿಲು ಕೆಳಗೆ ಕ್ಯಾಂಟರ್ಬರಿ ತಂಡ ಒಂದೇ ಅಂಕದಿಂದ, 12-11ರಲ್ಲಿ, ಸೇಂಟ್ ಜಾರ್ಜ್ ತಂಡವನ್ನು ಸೋಲಿಸಿತು. ಸರಣಿ ಮುಗಿಯಿತು.

ನಮಗೂ ಇಂಥದೊಂದು ಅನುಭವವಿದೆ. ರಣಜಿ ಟ್ರೋಫಿಯಲ್ಲಿ ಬಾಂಬೆ 1958-59ರಿಂದ ಹದಿನೈದು ವರ್ಷ ಬಿಡದೆ ಗೆದ್ದಿತ್ತು. ಆ ಸರಣಿ ಮುರಿಯಲು ಯಾರೂ ನಿಯಮ ಬದಲಾಯಿಸಲಿಲ್ಲ. 1974ರಲ್ಲಿ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಕರ್ನಾಟಕ ಮುರಿಯಿತು. ಪ್ರಾಬಲ್ಯ ಮುರಿಯಲು ಎರಡು ದಾರಿ: ಒಂದು ಕಾನೂನು, ಇನ್ನೊಂದು ಎದುರಾಳಿ ಅದಕ್ಕೆ ಸಮನಾಗಿ ಬೆಳೆಯುವುದು. ಎರಡನೆಯದು ಆಟವನ್ನು ಬೆಳೆಸುತ್ತದೆ, ಆದರೆ ಅದಕ್ಕೆ ಕಾಯುವ ತಾಳ್ಮೆ ಬೇಕು.

ಸಿಡ್ನಿಯವರು ಮುಂದೆ ಮೊದಲ ದಾರಿಯನ್ನೇ ಬಲಪಡಿಸಿದರು. 1990ರಲ್ಲಿ ತಂಡವೊಂದು ಆಟಗಾರರ ಸಂಬಳಕ್ಕೆ ಖರ್ಚು ಮಾಡಬಹುದಾದ ಹಣಕ್ಕೆ ಮಿತಿ ಹಾಕಿದರು. ಅದನ್ನು ಮೀರಿ ಗುಟ್ಟಾಗಿ ಹಣ ಕೊಟ್ಟದ್ದಕ್ಕೆ 2010ರಲ್ಲಿ ಮೆಲ್ಬರ್ನ್ ಸ್ಟಾರ್ಮ್ ತಂಡದಿಂದ 2007 ಮತ್ತು 2009ರ ಪ್ರಶಸ್ತಿಗಳನ್ನು ಕಿತ್ತುಕೊಂಡರು. ಇಂಥ ಕಟ್ಟುಪಾಡಿನೊಳಗೇ ಪಶ್ಚಿಮ ಸಿಡ್ನಿಯ ಪೆನ್ರಿತ್ ತಂಡ 2021ರಿಂದ 2024ರವರೆಗೆ ಸತತ ನಾಲ್ಕು ಸಲ ಗೆದ್ದದ್ದು ದೊಡ್ಡ ಸಾಧನೆ. ಸೇಂಟ್ ಜಾರ್ಜ್ ಬಳಿಕ ನಾಲ್ಕನ್ನು ಮುಟ್ಟಿದ ತಂಡ ಅದೊಂದೇ. ಅದರ ಗುಟ್ಟೂ ಹಳೆಯದೇ. ತರಬೇತುದಾರ ಐವನ್ ಕ್ಲಿಯರಿ ಬದಲಾಗಲಿಲ್ಲ, ಅವರ ಮಗ ನೇಥನ್ ಸೇರಿದಂತೆ ತಮ್ಮದೇ ಪ್ರದೇಶದ ಕಿರಿಯರ ತಂಡಗಳಲ್ಲಿ ಬೆಳೆದ ಹುಡುಗರು ಆಡಿದರು. ಹೆಚ್ಚು ಸಂಬಳಕ್ಕೆ ಬೇರೆಡೆ ಹೋದವರ ಜಾಗಕ್ಕೆ ಕೆಳಗಿನಿಂದ ಇನ್ನೊಬ್ಬ ಸಿದ್ಧನಾಗಿದ್ದ.

ಒಟ್ಟಿನಲ್ಲಿ ಹೇಳುವುದಾದರೆ, ಬಹುಕಾಲ ಗೆಲ್ಲುವ ತಂಡಕ್ಕೆ ಬೇಕಾದುದು ನಾಲ್ಕು: ಕಾಲದ ನಿಯಮವನ್ನು ಎಲ್ಲರಿಗಿಂತ ಚೆನ್ನಾಗಿ ಅರಿಯುವುದು, ಕಾಣದ ದುಡಿಮೆಗೆ ಬೆಲೆ ಕೊಡುವುದು, ಗೆಲ್ಲುತ್ತಿರುವಾಗಲೇ ಮುಂದಿನವನನ್ನು ಸಿದ್ಧಪಡಿಸುವುದು, ಇದೆಲ್ಲ ನೋಡಿಕೊಳ್ಳುವ ಸ್ಥಿರವಾದ ಆಡಳಿತ. ಇವುಗಳಲ್ಲಿ ಯಾವುದೂ ಒಬ್ಬ ವೀರನಿಂದ ಆಗುವಂಥದ್ದಲ್ಲ.

ಇವೂ ಶಾಶ್ವತವಲ್ಲ. ಸೇಂಟ್ ಜಾರ್ಜ್ ಅನಂತರ 1977 ಮತ್ತು 1979ರಲ್ಲಿ ಗೆದ್ದಿತು, ಅಷ್ಟೇ. ಟೆಲಿವಿಷನ್ ಹಣ ಮತ್ತು ದೊಡ್ಡ ಕಂಪನಿಗಳು ಆಟವನ್ನು ಹಂಚಿಕೊಂಡ ತೊಂಬತ್ತರ ದಶಕದಲ್ಲಿ ಒಂದು ಬಡಾವಣೆಯ ತಂಡ ಒಂಟಿಯಾಗಿ ಉಳಿಯುವುದು ಕಷ್ಟವಾಯಿತು. 1998ರ ಋತು ಮುಗಿದ ಮೇಲೆ ಅದು ಪಕ್ಕದ ಇಲ್ಲವಾರಾ ತಂಡದೊಂದಿಗೆ ವಿಲೀನವಾಯಿತು. ಮೈದಾನದಲ್ಲಿ ಹನ್ನೊಂದು ವರ್ಷ ಯಾರಿಗೂ ಬಾಗದ ತಂಡ ಲೆಕ್ಕದ ಪುಸ್ತಕಕ್ಕೆ ಬಾಗಿತು. ಆದರೂ ಬಿಳಿ ಅಂಗಿಯ ಮೇಲಿನ ಆ ಕೆಂಪು ಪಟ್ಟಿಯನ್ನು ಹೊಸ ತಂಡ ಬಿಟ್ಟುಕೊಡಲಿಲ್ಲ. ಅದನ್ನೇ ತೊಟ್ಟು 2010ರಲ್ಲಿ ಪ್ರಶಸ್ತಿ ಗೆದ್ದಿತು.