ಯಾವ ಅಲ್ಗಾರಿದಮ್ ಹಿಡಿಯಲಿ?

ಯಂತ್ರಕಲಿಕೆಗೆ ಕೈಹಾಕಿದವರು ಒಂದಲ್ಲ ಒಂದು ದಿನ ತಲೆ ಕೆರೆದುಕೊಳ್ಳುವ ಪ್ರಶ್ನೆ ಇದು: ಇಷ್ಟೊಂದು ಅಲ್ಗಾರಿದಮ್‌ಗಳಲ್ಲಿ ನನ್ನ ಕೆಲಸಕ್ಕೆ ಯಾವುದು?

ಪ್ರಶ್ನೆ ಹಳೆಯದೇ. ಅಮೆರಿಕದ ಜಾನ್ ರೈಸ್ 1976ರಲ್ಲೇ ‘ಅಲ್ಗಾರಿದಮ್ ಆಯ್ಕೆಯ ಸಮಸ್ಯೆ’ ಎಂದು ಪ್ರಬಂಧ ಬರೆದಿದ್ದರು. 1990ರ ದಶಕದಲ್ಲಿ ಯುರೋಪಿನ ಸ್ಟ್ಯಾಟ್‌ಲಾಗ್ ಯೋಜನೆ ಸುಮಾರು ಇಪ್ಪತ್ತು ವಿಧಾನಗಳನ್ನು ಒರೆಗೆ ಹಚ್ಚಿತು. ಎಲ್ಲ ಕಡೆಯೂ ಗೆದ್ದದ್ದು ಒಂದೂ ಇಲ್ಲ. ಹಾಗೆ ಗೆಲ್ಲುವಂಥದ್ದು ಇರಲಾರದೆಂದು 1996ರಲ್ಲಿ ಡೇವಿಡ್ ವೋಲ್ಪರ್ಟ್ ಗಣಿತದಿಂದಲೇ ತೋರಿಸಿದರು.

ಪಂಡಿತರಿಗೆ ಇಷ್ಟು ಸಾಕು. ನಾಳೆ ಬೆಳಿಗ್ಗೆ ಕೆಲಸ ಮುಗಿಸಬೇಕಾದವನಿಗೆ ಸಾಲದು. 2007ರಲ್ಲಿ ಡೇವಿಡ್ ಕೂರ್ನಪೊ ಶುರುಮಾಡಿ, 2010ರಲ್ಲಿ ಫ್ರಾನ್ಸಿನ ಇನ್ರಿಯಾ ಸಂಸ್ಥೆಯವರು ಮುಂದಕ್ಕೆ ಒಯ್ದ ಸೈಕಿಟ್-ಲರ್ನ್ ತಂತ್ರಾಂಶದ ಬಳಕೆದಾರರು, ದಾರಿ ತೋರಿಸುವ ನಕ್ಷೆಯೊಂದನ್ನು ಕೇಳಿದರು. 2013ರಲ್ಲಿ ಆಂಡ್ರಿಯಾಸ್ ಮ್ಯುಲರ್ ಅದನ್ನು ಬರೆದುಕೊಟ್ಟರು.

ನಕ್ಷೆಯ ಮೊದಲ ಪ್ರಶ್ನೆಯೇ ಖಡಕ್ಕು: ನಿಮ್ಮಲ್ಲಿ 50ಕ್ಕಿಂತ ಹೆಚ್ಚು ಮಾದರಿಗಳಿವೆಯೇ? ಇಲ್ಲವೆಂದರೆ, ಹೋಗಿ ಇನ್ನಷ್ಟು ದತ್ತಾಂಶ ತನ್ನಿ. ಇವೆಯೆಂದರೆ, ಊಹಿಸಬೇಕಾದದ್ದು ವರ್ಗವೋ, ಪ್ರಮಾಣವೋ? ವರ್ಗವಾದರೆ, ಮಾದರಿಗಳು ಒಂದು ಲಕ್ಷದೊಳಗಿವೆಯೇ? ಒಳಗಿದ್ದರೆ ಲೀನಿಯರ್ ಎಸ್‌ವಿಸಿ, ಮೀರಿದರೆ ಎಸ್‌ಜಿಡಿ ಎಂಬ ಅಲ್ಗಾರಿದಮ್. ಅದೂ ಕೈಕೊಟ್ಟರೆ ‘ಕೆಲಸ ಮಾಡುತ್ತಿಲ್ಲ’ ಎಂಬ ಬಾಣದ ಗುರುತು ಹಿಡಿದು ಮುಂದಿನ ಪೆಟ್ಟಿಗೆಗೆ. ಒಂದು ಮೂಲೆಯಲ್ಲಂತೂ ‘ನಿಮ್ಮ ಹಣೆಬರಹ’ ಎನ್ನುವ ಧಾಟಿಯ ಪೆಟ್ಟಿಗೆಯೂ ಇದೆ! ಕೈಪಿಡಿಗಳಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ.

ಆದರೆ ನನ್ನದೊಂದು ತಕರಾರಿದೆ. 50 ಏಕೆ, ಒಂದು ಲಕ್ಷ ಏಕೆ ಎಂದು ನಕ್ಷೆ ಹೇಳುವುದಿಲ್ಲ. ಕಾರಣಗಳು ಇಲ್ಲದಿಲ್ಲ. ನಕ್ಷೆಯ ಇನ್ನೊಂದು ಪೆಟ್ಟಿಗೆಯಲ್ಲಿರುವ, ಕರ್ನೆಲ್ ಎಂಬ ಗಣಿತ ತಂತ್ರ ಬಳಸುವ ಎಸ್‌ವಿಸಿಯನ್ನೇ ನೋಡಿ: ಮಾದರಿಗಳು ಇಮ್ಮಡಿಯಾದರೆ ಕಲಿಯುವ ಸಮಯ ಕನಿಷ್ಠ ನಾಲ್ಕು ಪಟ್ಟಾಗುತ್ತದೆ, ಹತ್ತಾರು ಸಾವಿರ ದಾಟಿದರೆ ಅದು ಕೈಗೆಟುಕುವುದೇ ಕಷ್ಟ. ಈ ಮಾತು ಸೈಕಿಟ್-ಲರ್ನ್ ಕೈಪಿಡಿಯ ಇನ್ನೊಂದು ಪುಟದಲ್ಲಿ ಅಡಗಿ ಕೂತಿದೆ. ಪೆಟ್ಟಿಗೆಯ ಪಕ್ಕದಲ್ಲೇ ಇದ್ದಿದ್ದರೆ ಓದುವವನು ಕುರುಡಾಗಿ ಬಾಣದ ಹಿಂದೆ ಹೋಗುತ್ತಿರಲಿಲ್ಲ, ತನ್ನ ಕಂಪ್ಯೂಟರಿನ ಶಕ್ತಿ ನೋಡಿ ತೀರ್ಮಾನಿಸುತ್ತಿದ್ದ.

ಸೈಕಿಟ್-ಲರ್ನ್ ಮುಕ್ತ ತಂತ್ರಾಂಶ; ಅದರ ಕೈಪಿಡಿಗೆ ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಕೇಳುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ಹೊಸ ಅಲ್ಗಾರಿದಮ್ ಬರೆಯುವುದು ಆಮೇಲಾಗಲಿ. ಇಂಥ ಒಂದು ‘ಏಕೆ’ಗೆ ಉತ್ತರ ಬರೆದು ಕಳಿಸಿ ನೋಡಿ.