ಮೈದುಂಬಿದ ನುಡಿ: ದಿಟ ಯಾವುದು, ಸಟೆ ಯಾವುದು?

ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿಗಳ ಹಾದಿಗಳೆಲ್ಲ ರಾಯಬಾಗ ತಾಲೂಕಿನ ಚಿಂಚಲಿಯತ್ತ ಹೊರಳುತ್ತವೆ. ಮಾಯಕ್ಕದೇವಿಯ ಜಾತ್ರೆಗೆ ಕನ್ನಡ ನಾಡಿನವರಷ್ಟೇ ಅಲ್ಲ, ಮಹಾರಾಷ್ಟ್ರದ ಜನರೂ ಬಂಡಿ ಕಟ್ಟಿಕೊಂಡು ಬರುತ್ತಾರೆ. ಭಂಡಾರ ಹಾರುವ, ಡೊಳ್ಳು ಮೊಳಗುವ ಇಂಥ ಜಾತ್ರೆಗಳ ಸಂದಣಿಯಲ್ಲಿ ಯಾರದೋ ಮೈಯಲ್ಲಿ ಇದ್ದಕ್ಕಿದ್ದಂತೆ ನಡುಕ ಹುಟ್ಟುತ್ತದೆ; ಕಣ್ಣಾಲಿ ಮೇಲೇರುತ್ತದೆ, ದನಿ ಬದಲಾಗುತ್ತದೆ. ದೇವರು ಬಂತೆಂದು ಸುತ್ತಲಿನವರು ಕೈಮುಗಿಯುತ್ತಾರೆ. ಇದನ್ನೇ ನಮ್ಮ ಜನ ಮೈದುಂಬುವುದು ಎನ್ನುತ್ತಾರೆ. ಆ ಸ್ಥಿತಿಯಲ್ಲಿ ಹೊರಟ ಮಾತನ್ನು ಹೇಳಿಕೆ ಎನ್ನುತ್ತಾರೆ.

ಹೇಳಿಕೆಗೆ ನಮ್ಮಲ್ಲಿ ಬಲವಾದ ಪರಂಪರೆಯುಂಟು. ಅದೇ ಹುಣ್ಣಿಮೆಯ ಜಾತ್ರೆಯಲ್ಲಿ, ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ, ಉಪವಾಸವಿದ್ದ ಗೊರವಯ್ಯನವರು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾರೆ. ನೆರೆದ ಜನಸಾಗರ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಒಂದೇ ಒಂದು ವಾಕ್ಯ ನುಡಿದು ಅವರು ಕೆಳಕ್ಕೆ ಬೀಳುತ್ತಾರೆ, ಅದು ಕಾರಣಿಕ. ನಿಪ್ಪಾಣಿಯ ಗಡಿಯಾಚೆ, ಕೊಲ್ಹಾಪುರ ಜಿಲ್ಲೆಯ ಪಟ್ಟಣ ಕೊಡೋಲಿಯಲ್ಲಿ, ವಿಠ್ಠಲ ಬೀರದೇವರ ಜಾತ್ರೆಯಂದು ಫರಾಂಡೆ ಬಾಬಾ ನುಡಿಯುವ ಮಳೆಬೆಳೆಯ ಭವಿಷ್ಯಕ್ಕೆ ಭಾಕಣೂಕ ಎಂದು ಹೆಸರು. ಈ ನುಡಿಗಳಿಗೆ ಒಂದು ಸಮಾನ ಲಕ್ಷಣವಿದೆ. ಇವು ಬಯಲಿನಲ್ಲಿ, ಎಲ್ಲರ ಕಿವಿಗೆ ಬೀಳುವಂತೆ, ಇಡೀ ಸಮುದಾಯವನ್ನು ಕುರಿತು ಆಡಿದ ಮಾತುಗಳು. ಅರ್ಥ ಹಚ್ಚುವ ಹೊಣೆ ಕೇಳಿದವರದು.

ತೊಡಕಿರುವುದು ಇನ್ನೊಂದು ಬಗೆಯಲ್ಲಿ. ಊರ ಓಣಿಯ ಒಳಕೋಣೆಯಲ್ಲಿ, ಅಮಾವಾಸ್ಯೆಗೊಮ್ಮೆ ಅಥವಾ ಮಂಗಳವಾರಕ್ಕೊಮ್ಮೆ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳುವ ಹೇಳಿಕೆಯದು ಆ ಬಗೆ. ಎಮ್ಮೆ ಕಳೆದುಕೊಂಡ ರೈತ, ಮಕ್ಕಳಾಗದ ಸೊಸೆ, ಗಂಡನ ಕುಡಿತದಿಂದ ಬೇಸತ್ತ ಬೀಡಿ ಕಟ್ಟುವ ಹೆಣ್ಣುಮಗಳು ಅಲ್ಲಿಗೆ ಹೋಗುತ್ತಾರೆ. ಹೇಳುವವರು ಪ್ರಾಮಾಣಿಕರೋ ವಂಚಕರೋ ಎಂದು ಅವರು ಅರಿಯುವುದು ಹೇಗೆ?

ಇಲ್ಲಿ ನಾವು ಎರಡು ಪ್ರಶ್ನೆಗಳನ್ನು ಒಂದಾಗಿ ಬೆರೆಸಿಬಿಡುತ್ತೇವೆ. ಹೇಳುವವಳು ಪ್ರಾಮಾಣಿಕಳೇ ಎಂಬುದು ಒಂದು. ಹೇಳಿದ್ದು ನಿಜವೇ ಎಂಬುದು ಇನ್ನೊಂದು. 1853ರಲ್ಲಿ ಇಂಗ್ಲೆಂಡಿನಲ್ಲಿ ಮೇಜಿನ ಸುತ್ತ ಕೈಯೂರಿ ಕುಳಿತರೆ ಪ್ರೇತಗಳು ಮೇಜನ್ನು ತಿರುಗಿಸುತ್ತವೆಂಬ ಹುಚ್ಚು ಹಬ್ಬಿತ್ತು. ವಿಜ್ಞಾನಿ ಮೈಕೆಲ್ ಫ್ಯಾರಡೆ ಕೈಗೂ ಮೇಜಿಗೂ ನಡುವೆ ಸರಿದಾಡಬಲ್ಲ ಹಲಗೆಗಳನ್ನಿಟ್ಟು ಪರೀಕ್ಷಿಸಿದ. ಮೇಜಿಗಿಂತ ಮೊದಲು ಕೈಗಳೇ ಚಲಿಸುತ್ತಿದ್ದವು. ಕುಳಿತವರು ಮೋಸಗಾರರಾಗಿರಲಿಲ್ಲ, ತಾವೇ ನೂಕುತ್ತಿದ್ದೇವೆಂಬುದು ಅವರಿಗೇ ತಿಳಿದಿರಲಿಲ್ಲ. ನಮ್ಮಲ್ಲಿ ಮೈದುಂಬುವ ಅನೇಕರು ಈ ವರ್ಗಕ್ಕೆ ಸೇರಿದವರು. ಅವರ ನಡುಕ ನಟನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಚಿನ ರೋಗಪಟ್ಟಿಯೂ ಸಮುದಾಯ ಒಪ್ಪಿಕೊಂಡ ಆಚರಣೆಯೊಳಗಿನ ಆವೇಶವನ್ನು ಕಾಯಿಲೆಯೆಂದು ಎಣಿಸುವುದಿಲ್ಲ. ಮನೆಯಲ್ಲಿ ಬಾಯಿಬಿಡಲಾಗದ ಸೊಸೆಗೆ ದೇವಿ ಮೈಮೇಲೆ ಬಂದಾಗ ಮಾತ್ರ ಅತ್ತೆ ಮಾವಂದಿರು ತಲೆಬಾಗಿ ಕೇಳುತ್ತಾರೆ; ಆ ಮಾತಿನಲ್ಲಿ ಆಕೆಯ ಬದುಕಿನ ದಿಟವಿರುತ್ತದೆ. ಆದರೆ ಅದೇ ಬಾಯಿ ಎಮ್ಮೆ ಕದ್ದವನ ಹೆಸರು ಹೇಳಿದರೆ ಅದನ್ನು ಸಾಕ್ಷ್ಯವೆಂದು ನಂಬಲಾಗದು. ಪ್ರಾಮಾಣಿಕತೆ ಮಾತಿಗೆ ಗೌರವವನ್ನು ತಂದುಕೊಟ್ಟೀತು, ಪ್ರಮಾಣವನ್ನು ತಂದುಕೊಡಲಾರದು.

ಇನ್ನು ವಂಚಕರ ವಿಷಯ. 1848ರಲ್ಲಿ ಅಮೆರಿಕೆಯ ಫಾಕ್ಸ್ ಸೋದರಿಯರು ಪ್ರೇತಗಳು ತಟ್ಟಿದ ಸದ್ದೆಂದು ಲೋಕವನ್ನು ಬೆರಗುಗೊಳಿಸಿದರು. 1888ರಲ್ಲಿ ಅವರಲ್ಲೊಬ್ಬಳು ಆ ಸದ್ದು ಕಾಲ್ಬೆರಳ ಗೆಣ್ಣಿನದೆಂದು ತುಂಬಿದ ಸಭೆಯಲ್ಲಿ ಮಾಡಿ ತೋರಿಸಿದಳು. ಮುಂದೆ ಆ ಮಾತನ್ನು ಆಕೆ ಹಿಂತೆಗೆದುಕೊಂಡಳಾದರೂ ಗುಟ್ಟು ಬಯಲಾಗಿತ್ತು. ನಮ್ಮ ಊರುಗಳಲ್ಲಿ ಇಷ್ಟು ಶ್ರಮವೂ ಬೇಕಿಲ್ಲ. ಹೊರಗೆ ಸರದಿಯಲ್ಲಿ ಕುಳಿತವರೊಡನೆ ಶಿಷ್ಯನೊಬ್ಬ ‘ಯಾವೂರವ್ವಾ, ಏನ್ ತ್ರಾಸೈತಿ?’ ಎಂದು ಮಾತಿಗಿಳಿಯುತ್ತಾನೆ. ಕೇಳಿದ್ದು ಒಳಗೆ ಮುಟ್ಟುತ್ತದೆ. ‘ನಿಮ್ಮ ಮನಿ ಮ್ಯಾಲ ಹತ್ತರದವರ ಕಣ್ಣ ಬಿದ್ದೈತಿ’ ಎಂಬ ಮಾತು ಯಾವ ಮನೆಗೆ ಹೊಂದುವುದಿಲ್ಲ? ಹತ್ತು ಮಾತಿನಲ್ಲಿ ಎರಡು ತಾಗಿದರೆ ಕೇಳುಗಳು ಬೆಚ್ಚುತ್ತಾಳೆ. ಆ ಬೆಚ್ಚಿದ ಮುಖವನ್ನೇ ಓದಿ ಮೂರನೆಯ ಮಾತು ಹುಟ್ಟುತ್ತದೆ. ತಾಗದ ಎಂಟನ್ನು ಮನೆ ಸೇರುವಷ್ಟರಲ್ಲಿ ಆಕೆ ಮರೆತಿರುತ್ತಾಳೆ.

ಹಾಗಾದರೆ ಕುರುಹುಗಳೇನು? ನಡುಕವನ್ನಾಗಲಿ ಕಣ್ಣನ್ನಾಗಲಿ ನೋಡಿ ನಿರ್ಣಯಿಸಲಾಗದು. ನಟನೆ ಅವುಗಳನ್ನೆಲ್ಲ ಕಲಿಯಬಲ್ಲದು. ಹೇಳಿಕೆಯ ಮುಂದಿನ ನಡೆಯನ್ನು ನೋಡಬೇಕು. ಕಾಯಿ ಕರ್ಪೂರಕ್ಕೆ ತೃಪ್ತಿಪಡುವುದೇ, ಭೇಟಿಯಿಂದ ಭೇಟಿಗೆ ಬೇಡಿಕೆ ಏರುತ್ತದೆಯೇ? ಹತ್ತು ಜನರ ಎದುರು ನುಡಿಯಲು ಒಪ್ಪುತ್ತದೆಯೇ, ಒಂಟಿಯಾಗಿ ಬಾ, ಯಾರಿಗೂ ಹೇಳಬೇಡ ಎನ್ನುತ್ತದೆಯೇ? ಪ್ರಶ್ನಿಸಿದವನಿಗೆ ಶಾಪದ ಬೆದರಿಕೆ ಹಾಕುತ್ತದೆಯೇ? ಎಲ್ಲಕ್ಕಿಂತ ಮಿಗಿಲಾಗಿ, ಮಾಟ ಮಾಡಿಸಿದವಳು ಇಂಥವಳೇ ಎಂದು ನೆರೆಮನೆಯ ಮುದುಕಿಯತ್ತ ಬೆರಳು ತೋರಿಸುತ್ತದೆಯೇ, ಹಾವು ಕಚ್ಚಿದ ಮಗುವನ್ನು ಆಸ್ಪತ್ರೆಗೆ ಒಯ್ಯಬೇಡ ಎನ್ನುತ್ತದೆಯೇ? ಈ ಕೊನೆಯ ಎರಡರಲ್ಲಿ ಒಂದು ಕಂಡರೂ ಅಲ್ಲಿಂದ ಎದ್ದು ಬರಬೇಕು. ಹೇಳುವವರು ಎಷ್ಟೇ ಪ್ರಾಮಾಣಿಕರಾಗಿರಲಿ, ಹೋದ ಜೀವ ಮರಳುವುದಿಲ್ಲ.

ನಮ್ಮ ಸಾಹಿತ್ಯದಲ್ಲಿ ಇಂಥ ಪ್ರಾಮಾಣಿಕತೆಯ ಒಂದು ಮಾದರಿ ಇದೆ. 1968ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಅಜ್ಜಿಗೆ ವಸ್ತುವೊಂದನ್ನು ಮುಟ್ಟಿದೊಡನೆ ಅದರ ಹಿಂದಿನ ಕಾಲ ಕಾಣುತ್ತದೆ. ಅಂಥ ಶಕ್ತಿ ಲೋಕದಲ್ಲಿದೆಯೆಂದು ನಾವು ಒಪ್ಪಬೇಕಾಗಿಲ್ಲ. ಆದರೆ ಆಕೆ ಅದನ್ನು ವ್ಯಾಪಾರಕ್ಕಿಡಲಿಲ್ಲ, ಗದ್ದುಗೆ ಹಾಕಿ ಕೂರಲಿಲ್ಲ, ಯಾರನ್ನೂ ಹೆದರಿಸಲಿಲ್ಲ. ಕೇಳಿದ ಮೊಮ್ಮಗ ಸುಬ್ಬರಾಯನನ್ನು ಭಕ್ತನನ್ನಾಗಿಸದೆ ಅವನನ್ನು ಚಿಂತನೆಗೆ ಹಚ್ಚಿದಳು. ಕೇಳುವವನ ಬುದ್ಧಿಯನ್ನು ಮಲಗಿಸುವ ನುಡಿಗೂ ಎಚ್ಚರಿಸುವ ನುಡಿಗೂ ಇರುವ ಅಂತರವನ್ನು ಕಾರಂತರು ಆ ಪಾತ್ರದಲ್ಲಿ ಕಾಣಿಸಿದ್ದಾರೆ.

ಕಾನೂನು ಹಿಡಿದ ದಾರಿಯೂ ವಿಚಾರಾರ್ಹವಾದುದು. ಮಹಾರಾಷ್ಟ್ರದಲ್ಲಿ ಇದಕ್ಕಾಗಿ ದುಡಿದ ನರೇಂದ್ರ ದಾಭೋಲ್ಕರರು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಹತ್ಯೆಗೀಡಾದರು. ಆ ವರ್ಷವೇ ಅಲ್ಲಿ ಕಾಯಿದೆ ಬಂದಿತು. ನಮ್ಮ ರಾಜ್ಯದ ಕಾಯಿದೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆಯನ್ನು ತಡೆದು ಮಂತ್ರಿಸುವುದು ಎರಡೂ ಕಡೆ ಅಪರಾಧ. ದೇವರು ನಿಜವಾಗಿ ಬಂದಿದ್ದರೋ ಇಲ್ಲವೋ ಎಂಬ ಚರ್ಚೆಗೆ ಕಾನೂನು ಇಳಿಯುವುದಿಲ್ಲ. ಬಂದರೆನ್ನಲಾದ ದೇವರ ಹೆಸರಿನಲ್ಲಿ ಮನುಷ್ಯನಿಗೆ ಏನಾಯಿತೆಂದು ವಿಚಾರಿಸುತ್ತದೆ. ಗಡಿಯ ಎರಡೂ ಬದಿಯ ದೇವರುಗಳನ್ನು ಪೂಜಿಸುವ ನಮಗೆ ಈ ವಿವೇಕ ಪರಕೀಯವೆನಿಸಬಾರದು.

ಹೇಳಿಕೆ ಕೇಳಹೋಗುವವರನ್ನು ಮೂಢರೆಂದು ಜರೆಯುವುದು ಓದಿದವರಾದ ನಮಗೆ ಸುಲಭ. ಆದರೆ ಅವರು ಅಲ್ಲಿಗೆ ಹೋಗುವುದು ತಮ್ಮ ಸಂಕಟವನ್ನು ಕುಳಿತು ಕೇಳುವವರೊಬ್ಬರು ಬೇಕೆಂದು. ಬೀಡಿ ಕಟ್ಟುವ ಆ ಹೆಣ್ಣುಮಗಳ ದುಃಖವನ್ನು ನೆರೆಹೊರೆಯವರು, ವೈದ್ಯರು, ಪಂಚಾಯತಿಯವರು ಕಿವಿಗೊಟ್ಟು ಕೇಳಿದ್ದರೆ ವಂಚಕನ ಒಳಕೋಣೆಯ ಮುಂದಿನ ಸರದಿ ಅಷ್ಟರಮಟ್ಟಿಗೆ ಕಿರಿದಾಗುತ್ತಿತ್ತು. ವಂಚಕರನ್ನು ಗುರುತಿಸುವ ಕೆಲಸದಷ್ಟೇ ಈ ಕೆಲಸವೂ ನಮ್ಮದೆಂದು ತಿಳಿಯೋಣ.