ತಳಿಯ ಹೆಸರು ಮತ್ತು ವರ್ತಕನ ಮುದ್ರೆ



ಮುಂಬಯಿ ಮತ್ತು ಅದರ ಉಪನಗರಗಳಲ್ಲಿ ನರ್ಸರಿಯ ಕಸುಬನ್ನು ನಂಬಿ ಬಾಳುತ್ತಿರುವ ಕನ್ನಡಿಗರ ಈ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ನನ್ನನ್ನು ಕುಳ್ಳಿರಿಸಿದ ತಮ್ಮ ವಿಶ್ವಾಸಕ್ಕೆ ನನ್ನ ಕೃತಜ್ಞತೆಗಳು ಸಲ್ಲುತ್ತವೆ. ನೀರು, ಗೊಬ್ಬರ, ಜಾಗದ ಬಾಡಿಗೆ, ಮಳೆಗಾಲದ ಕೊಳೆರೋಗ ಮೊದಲಾದುವನ್ನು ಕುರಿತು ಗೋಷ್ಠಿಗಳಲ್ಲಿ ಬಲ್ಲವರು ಮಾತನಾಡಲಿರುವುದರಿಂದ ನಾನು ಒಂದೇ ವಿಷಯವನ್ನು ಆರಿಸಿಕೊಂಡಿದ್ದೇನೆ. ನಾವು ಮಾರುವ ಗಿಡಕ್ಕೆ ಕಟ್ಟುವ ಚೀಟಿಯಲ್ಲಿ ಏನನ್ನು ಬರೆಯತಕ್ಕದ್ದು, ಬರೆದ ಹೆಸರು ಯಾರ ಸ್ವತ್ತು ಎಂಬುದೇ ಆ ವಿಷಯ.

ಈ ವಿಚಾರಕ್ಕೆ ಮುಂಬಯಿಗಿಂತ ಯೋಗ್ಯವಾದ ಸ್ಥಳ ಅಪರೂಪವೆಂದೇ ಹೇಳಬೇಕು. ರಾಣಿಬಾಗ್ ಎಂದು ಜನ ಇಂದಿಗೂ ಕರೆಯುವ ಬೈಕಲಾದ ಉದ್ಯಾನ 1862ರಲ್ಲಿ ತೆರೆದ ಮೇಲೆ ದೇಶದೇಶಗಳ ವೃಕ್ಷಗಳು ಈ ನಗರದವರಿಗೆ ಪರಿಚಿತವಾದುವು. ಟ್ರಾಂಬೆಯ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಕಿರಣದ ಸಂಸ್ಕಾರದಿಂದ ಹುಟ್ಟಿ ಕರ್ನಾಟಕದ ಹೊಲಗಳನ್ನೂ ಸೇರಿದ ಟಿಎಜಿ-24 ಎಂಬ ಶೇಂಗಾ ತಳಿಯು ಟ್ರಾಂಬೆ ಮತ್ತು ಅಕೋಲಾಗಳೆಂಬ ತನ್ನ ಎರಡು ತವರುಗಳನ್ನು ಹೆಸರಿನಲ್ಲಿಯೇ ಹೊತ್ತಿದೆ. ಮಾಟುಂಗಕ್ಕೆ ದೂರವಲ್ಲದ ಆಂಟಾಪ್ ಹಿಲ್ಲಿನಲ್ಲಿ ಸಮಸ್ತ ಭಾರತದ ಟ್ರೇಡ್‌ಮಾರ್ಕ್ ನೋಂದಣಿಯ ಪ್ರಧಾನ ಕಚೇರಿಯಿದೆ. ತಳಿಗೆ ಹೆಸರಿಡುವವರೂ ವರ್ತಕನ ಮುದ್ರೆಯನ್ನು ದಾಖಲೆಗೇರಿಸುವವರೂ ಒಂದೇ ನಗರದಲ್ಲಿ ನೆಲಸಿರುವಾಗ, ಅವೆರಡರ ಭೇದವನ್ನು ನಾವು ಅರಿಯದಿರುವುದು ಶೋಭೆಯಲ್ಲ.

ತರಕಾರಿಯ ಬೀಜ ಸುಳ್ಳಾದರೆ ಮೂರು ತಿಂಗಳಲ್ಲಿ ಬಯಲಾಗುವುದು. ಮಾವಿನ ಕಸಿ ಸುಳ್ಳಾದರೆ ಕೊಂಡವನಿಗೆ ಅದು ತಿಳಿಯುವುದು ಗಿಡ ಫಲಕ್ಕೆ ಬಂದ ಮೇಲೆ, ನಾಲ್ಕಾರು ವರ್ಷಗಳ ನೀರೂ ನೆಲವೂ ವ್ಯಯವಾದ ಮೇಲೆ. ಅಲ್ಲಿಯವರೆಗೆ ಅವನ ಕೈಯಲ್ಲಿರುವ ಪ್ರಮಾಣವೆಂದರೆ ನಾವು ಕಟ್ಟಿದ ಚೀಟಿಯೊಂದೇ. ಆ ಚೀಟಿಯ ಅವಸ್ಥೆಯಾದರೋ ಶೋಚನೀಯ. ಕನ್ನಡನಾಡಿನ ರಸಪುರಿ ಇಲ್ಲಿ ಪಾಯರಿ. ಬಾದಾಮಿ ಇಲ್ಲಿ ಹಾಪೂಸ್. ಇಲ್ಲಿನ ಬಸರಾಯಿ ಬಾಳೆ ಗ್ರಂಥಗಳಲ್ಲಿ ಡ್ವಾರ್ಫ್ ಕ್ಯಾವೆಂಡಿಷ್. ಭಾಷೆಯ ವೈವಿಧ್ಯದಿಂದ ಬಂದ ಈ ಪರ್ಯಾಯನಾಮಗಳಲ್ಲಿ ದೋಷವಿಲ್ಲ. ಆದರೆ ಭಗವಾ ಎಂಬ ಒಂದೇ ದಾಳಿಂಬೆಯನ್ನು ಶೇಂದ್ರಿ, ಅಷ್ಟಗಂಧ, ಮಸ್ತಾನಿ ಎಂದು ಬೇರೆಬೇರೆಯಾಗಿ ಕರೆದು, ಒಂದೊಂದೂ ಹೊಸತೆಂಬ ಭ್ರಾಂತಿಯನ್ನು ಹುಟ್ಟಿಸಿ ಬೇರೆಬೇರೆ ಬೆಲೆ ಕಟ್ಟಿದರೆ ಅದನ್ನು ವೈವಿಧ್ಯವೆನ್ನಲಾದೀತೆ? ಬೋಗನ್‌ವಿಲ್ಲಾದ ತಳಿನಾಮಗಳಿಗೆ ಜಗತ್ತಿಗೆಲ್ಲ ಅಧಿಕೃತ ನೋಂದಣಿ ಸಂಸ್ಥೆ ನಮ್ಮದೇ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ. ಹೀಗಿದ್ದರೂ ನಮ್ಮ ಅಂಗಡಿಗಳಲ್ಲಿ ಅದೇ ಬಳ್ಳಿ ‘ಇಂಪೋರ್ಟೆಡ್’ ಎಂದೋ ‘ಹೈಬ್ರಿಡ್’ ಎಂದೋ ಅನಾಮಧೇಯವಾಗಿ ಬಿಕರಿಯಾಗುತ್ತಿದೆ.

ಗಿಡಕ್ಕೆ ಸಲ್ಲುವ ಹೆಸರುಗಳು ಮೂರು ವಿಧ. ಮೊದಲನೆಯದು ತಳಿಯ ಹೆಸರು. ಇದು ವಂಶವನ್ನು ಹೇಳುತ್ತದೆ, ಸರ್ವರ ಸ್ವತ್ತಾಗಿರುತ್ತದೆ. ಕೃಷಿಸಸ್ಯಗಳ ನಾಮಕರಣಕ್ಕಾಗಿಯೇ 1953ರಲ್ಲಿ ಮೊದಲ ಬಾರಿಗೆ ಪ್ರಕಟವಾದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ ಇದನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಬರೆಯತಕ್ಕದ್ದು. ಎರಡನೆಯದು ನೆಲದ ಹೆಸರು. ಭೌಗೋಳಿಕ ಸೂಚಿಕೆ ಎಂಬ ಕಾನೂನಿನ ರಕ್ಷಣೆ ಇದಕ್ಕುಂಟು, ಮತ್ತು ಇದು ಆ ಪ್ರದೇಶದ ಬೆಳೆಗಾರರೆಲ್ಲರಿಗೂ ಸೇರಿದ್ದು. ಮೂರನೆಯದು ವರ್ತಕನ ಮುದ್ರೆ, ಅಂದರೆ ಟ್ರೇಡ್‌ಮಾರ್ಕ್. ಸರಕು ಯಾರಿಂದ ಬಂತೆಂದು ಹೇಳುವುದಷ್ಟೇ ಇದರ ಕಾರ್ಯ. ಮೂರೂ ನ್ಯಾಯವಾದುವೇ; ಒಂದು ಇನ್ನೊಂದರ ಸ್ಥಾನವನ್ನು ಆಕ್ರಮಿಸಿದಾಗ ಮಾತ್ರ ಅನ್ಯಾಯ ಹುಟ್ಟುತ್ತದೆ.

ಈ ಆಕ್ರಮಣ ಪಶ್ಚಿಮದಲ್ಲಿ ಹೇಗೆ ನಡೆಯಿತೆಂಬುದನ್ನು ನಾವು ಗಮನಿಸಬೇಕು. ಅಮೆರಿಕದಲ್ಲಿ 1930ರಲ್ಲಿ ಸಸ್ಯಗಳಿಗೂ ಪೇಟೆಂಟ್ ಕೊಡುವ ಕಾಯಿದೆ ಬಂತು. ಮರುವರ್ಷ ‘ನ್ಯೂ ಡಾನ್’ ಎಂಬ ಗುಲಾಬಿಗೆ ಮೊದಲ ಪೇಟೆಂಟ್ ದೊರೆಯಿತು. ಪೇಟೆಂಟಿಗೆ ಆಯುಸ್ಸುಂಟು, ಅವಧಿ ತೀರಿದೊಡನೆ ಗಿಡ ಲೋಕದ ಪಾಲಾಗುತ್ತದೆ; ಟ್ರೇಡ್‌ಮಾರ್ಕನ್ನಾದರೋ ಹಣ ಕಟ್ಟಿ ನವೀಕರಿಸುತ್ತಿದ್ದರೆ ಅದು ಚಿರಂಜೀವಿ. ಇದನ್ನರಿತ ಚತುರ ವರ್ತಕರು ತಳಿಗೆ ನಾಲಗೆ ತಿರುಗದ ಸಂಕೇತಾಕ್ಷರಗಳ ಹೆಸರಿಟ್ಟು, ಮನಸ್ಸಿಗೆ ಮುದ್ದಾದ ಹೆಸರನ್ನು ಮುದ್ರೆಯಾಗಿ ಕಾದಿರಿಸಿಕೊಂಡರು. ಪಶ್ಚಿಮ ಆಸ್ಟ್ರೇಲಿಯದಲ್ಲಿ ಹುಟ್ಟಿದ ‘ಕ್ರಿಪ್ಸ್ ಪಿಂಕ್’ ಎಂಬ ಸೇಬು ಪಿಂಕ್ ಲೇಡಿ ಎಂಬ ಮುದ್ರೆಯ ಹೆಸರಿನಿಂದಲೇ ಲೋಕವಿಖ್ಯಾತವಾಯಿತು; ಆ ಮರವನ್ನು ಬೆಳೆಸಿದವನು ಕೂಡ ಮುದ್ರೆಯ ಒಡೆಯರ ಅಪ್ಪಣೆಯಿಲ್ಲದೆ ಹಣ್ಣನ್ನು ಆ ಹೆಸರಿನಿಂದ ಮಾರುವಂತಿಲ್ಲ. ಮರಕ್ಕೆ ಸ್ವಾತಂತ್ರ್ಯ ಬಂದರೂ ಜನ ಬಲ್ಲ ಹೆಸರಿಗೆ ಬರಲಿಲ್ಲ.

ನಮ್ಮ ಶಾಸನಕರ್ತರು ಈ ಅಪಾಯವನ್ನು ಕಂಡವರು. ಬೀಜ, ತಳಿ, ಜಾತಿಗಳು ಸೇರಿದಂತೆ ಸಸ್ಯವಾಗಲಿ ಅದರ ಅಂಗವಾಗಲಿ ಪೇಟೆಂಟಿಗೆ ಅರ್ಹವಲ್ಲವೆಂದು ನಮ್ಮ ಪೇಟೆಂಟ್ ಕಾಯಿದೆ ವಿಧಿಸಿದೆ. ಆದುದರಿಂದ ‘ಪೇಟೆಂಟ್ ಪಡೆದ ಗಿಡ’ ಎಂದು ಯಾರಾದರೂ ಬೆದರಿಸಿದರೆ ತಾವು ಬೆದರಬೇಕಾಗಿಲ್ಲ. ಹೊಸ ತಳಿಯನ್ನು ಹುಟ್ಟಿಸಿದವನ ಶ್ರಮಕ್ಕೆ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ವೃಕ್ಷ ಮತ್ತು ದ್ರಾಕ್ಷಿಯಂಥ ಬಳ್ಳಿಗಳಿಗೆ 18 ವರ್ಷಗಳ, ಇತರ ಬೆಳೆಗಳಿಗೆ 15 ವರ್ಷಗಳ ರಕ್ಷಣೆ ನೀಡಿದೆ. ಅದೇ ಕಾಯಿದೆ, ತಳಿಗೆ ಒಂದೇ ವಿಶಿಷ್ಟ ಹೆಸರಿರಬೇಕೆಂದೂ, ಆ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲಾಗದೆಂದೂ ಸ್ಪಷ್ಟವಾಗಿ ನುಡಿದಿದೆ. ರೈತನು ತನ್ನ ಬೆಳೆಯ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಬ್ರ್ಯಾಂಡಿನ ಹೆಸರಿಲ್ಲದೆ ಮಾರಬಹುದು. ಆದರೆ ನೋಂದಾಯಿತ ತಳಿಯನ್ನು ಒಡೆಯನ ಅನುಮತಿಯಿಲ್ಲದೆ ಸಾವಿರಗಟ್ಟಲೆ ಕಸಿ ಕಟ್ಟಿ ಮಾರುವ ವರ್ತಕನು ರೈತನ ಈ ಹಕ್ಕಿನ ನೆರಳಿನಲ್ಲಿ ನಿಲ್ಲಲಾಗದೆಂಬುದನ್ನು ನಾವು ಮರೆಯಬಾರದು.

ನೆಲದ ಹೆಸರಿನ ಮಾತು ನಮ್ಮ ಮಾರುಕಟ್ಟೆಗೆ ಇನ್ನೂ ಹತ್ತಿರದ್ದು. ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಠಾಣೆ, ಪಾಲಘರ್ ಜಿಲ್ಲೆಗಳ ಹಾಪೂಸಿಗೆ, ಅಂದರೆ ಆಲ್ಫಾನ್ಸೊ ಮಾವಿಗೆ, 2018ರಲ್ಲಿ ಭೌಗೋಳಿಕ ಸೂಚಿಕೆ ಲಭಿಸಿತು. ಧಾರವಾಡದಲ್ಲಿ ಬೆಳೆದ ಆಲ್ಫಾನ್ಸೊ ವಂಶದಿಂದ ಆಲ್ಫಾನ್ಸೊವೇ ಹೌದು. ಆದರೆ ವಾಶಿಯ ಮಂಡಿಯಲ್ಲಿ ಅದನ್ನು ರತ್ನಾಗಿರಿಯದೆಂದು ಮಾರುವುದು ಕೊಂಕಣಿಗನಿಗೆ ದ್ರೋಹ, ಧಾರವಾಡದ ಬೆಳೆಗಾರನಿಗೆ ಅವಮಾನ. ಇಲ್ಲಿಗೆ ಬರುವ ಉಡುಪಿಯ ಶಂಕರಪುರ ಮಲ್ಲಿಗೆಗೂ ಇಂಥ ರಕ್ಷಣೆಯುಂಟು. ಆ ಬಳ್ಳಿಯ ಟೊಂಗೆಯನ್ನು ಬೊರಿವಲಿಯಲ್ಲಿ ಬೇರುಬರಿಸಿ ಸಸಿಯಾಗಿ ಮಾರಬಹುದು, ಅದರ ಹೂವನ್ನು ಉಡುಪಿಯ ಹೂವೆನ್ನಲಾಗದು.

ಹೆಸರು ಸತ್ಯವಾದರೆ ಫಲವೇನೆಂಬುದಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನವಿದೆ. ತುಮಕೂರು ಜಿಲ್ಲೆಯ ಚೇಳೂರಿನ ರೈತಕುಟುಂಬವೊಂದರ ಹೊಲದಲ್ಲಿದ್ದ ತಾಮ್ರವರ್ಣದ ತೊಳೆಗಳ ಹಲಸಿನ ಮರವನ್ನು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿ, ಮರವನ್ನು ನೆಟ್ಟ ಹಿರಿಯರ ಸ್ಮರಣೆಗಾಗಿ ‘ಸಿದ್ದು’ ಎಂದು ಹೆಸರಿಟ್ಟು, 2017ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಕಸಿಗಿಡಗಳ ಮಾರಾಟದ ವರಮಾನದಲ್ಲಿ ಮುಕ್ಕಾಲು ಪಾಲನ್ನು ಆ ಕುಟುಂಬಕ್ಕೇ ಸಲ್ಲಿಸಿದರು. ಹೆಸರನ್ನು ಯಾರೂ ಬಚ್ಚಿಡಲಿಲ್ಲ. ಬಹಿರಂಗವಾದ ಹೆಸರೇ ಒಡೆಯನಿಗೆ ಆದಾಯವನ್ನು ತಂದಿತು.

ಆದುದರಿಂದ ಸಭೆಯ ಪರ್ಯಾಲೋಚನೆಗೆ ನಾಲ್ಕು ನಿರ್ಣಯಗಳನ್ನು ಒಪ್ಪಿಸುತ್ತೇನೆ. ಚೀಟಿಯಲ್ಲಿ ತಳಿಯ ಹೆಸರೇ ಮೊದಲು ಬರಲಿ; ಅಂಗಡಿಯ ಮುದ್ರೆ ಅದರ ಕೆಳಗೆ, ಬೇರೆಯಾಗಿ ನಿಲ್ಲಲಿ. ಕಸಿಕಡ್ಡಿ ಯಾವ ತಾಯಿಮರದಿಂದ ಬಂತೆಂಬುದಕ್ಕೆ ಪ್ರತಿಯೊಂದು ನರ್ಸರಿಯಲ್ಲೂ ದಾಖಲೆಪುಸ್ತಕವಿರಲಿ. ರಸಪುರಿಯನ್ನು ಪಾಯರಿಯೊಡನೆ ಸರಿಗೂಡಿಸುವಂಥ ಕನ್ನಡ-ಮರಾಠಿ ಪರ್ಯಾಯನಾಮಗಳ ಪಟ್ಟಿಯನ್ನು ನಮ್ಮ ತರುಣರು ಸಿದ್ಧಪಡಿಸಲಿ. ಕಡೆಯದು, ಎಲ್ಲಕ್ಕಿಂತ ಕಷ್ಟವಾದದ್ದು: ವಂಶ ಗೊತ್ತಿಲ್ಲದ ಗಿಡಕ್ಕೆ ಆಕರ್ಷಕವಾದ ಹೆಸರನ್ನು ಕಲ್ಪಿಸದೆ, ‘ತಳಿ ತಿಳಿಯದು’ ಎಂದು ಬರೆಯುವ ಧೈರ್ಯವನ್ನು ನಾವು ತಾಳೋಣ. ಹಾಗೆ ಬರೆದ ದಿನ ಗಿರಾಕಿಯೊಬ್ಬನು ಪಕ್ಕದ ಅಂಗಡಿಗೆ ಹೋದಾನು, ಆ ನಷ್ಟ ನಿಜವಾದದ್ದೇ. ಆದರೆ ನಮ್ಮ ಉಳಿದ ಚೀಟಿಗಳನ್ನು ಜನ ನಂಬುವುದಕ್ಕೆ ಇದಲ್ಲದೆ ಬೇರೆ ಆಧಾರ ನನಗೆ ಕಾಣದು.